ಮೋಟರ್ ಕೊನೆಗಿರಲಿ, ಮೊದಲು ಟೈರು ನೋಡಿ

ಮಾನ್ಯ ಸಂಪಾದಕರೇ,

ರಿಮೋಟ್ ಟ್ರಕ್ಕನ್ನು ಖಾಲಿ ಸೈಟಿನಲ್ಲೋ ಊರಾಚೆಯ ಬಯಲಿನಲ್ಲೋ ಕೆಲವು ತಿಂಗಳು ಓಡಿಸಿದವರಿಗೆ ಒಂದಲ್ಲ ಒಂದು ದಿನ ಟ್ರ್ಯಾಕಿಗಿಳಿದು ಸ್ಪರ್ಧಿಸುವ ಆಸೆ ಬರುತ್ತದೆ. ಆಗ ಅವರ ಬಾಯಿಂದ ಹೊರಡುವ ಮೊದಲ ಪ್ರಶ್ನೆ, ‘ಯಾವ ಮೋಟರ್ ಹಾಕಿಸಲಿ?’ ಇರುವ ದುಡ್ಡೆಲ್ಲ ಹೆಚ್ಚು ಶಕ್ತಿಯ ಬ್ರಷ್‌ಲೆಸ್ (ಬ್ರಷ್ ಇಲ್ಲದ) ಮೋಟರಿಗೂ ದೊಡ್ಡ ಬ್ಯಾಟರಿಗೂ ಹೋಗುತ್ತದೆ. ಟ್ರ್ಯಾಕಿನ ಮೊದಲ ತಿರುವಿಗೇ ಟ್ರಕ್ಕು ಬುಗುರಿಯಂತೆ ಸುತ್ತಿ ಹಿಂದುಮುಂದಾಗಿ ನಿಲ್ಲುತ್ತದೆ, ಮೊದಲ ಜಿಗಿತಕ್ಕೇ ಮೂತಿ ಎತ್ತಿ ಅಂಗಾತ ಬೀಳುತ್ತದೆ. ಕಂಪನಿಯಿಂದ ಬಂದ ಮೋಟರನ್ನೇ ಇಟ್ಟುಕೊಂಡವರು ಪಕ್ಕದಲ್ಲಿ ಸದ್ದಿಲ್ಲದೆ ಸುತ್ತು ಹಾಕುತ್ತಿರುತ್ತಾರೆ. ಲ್ಯಾಪ್ ಸಮಯ, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ, ಉಳಿಯುವುದು ಟೈರಿನಲ್ಲಿ, ನೆಲದ ಹೊಡೆತ ತಡೆಯುವ ಶಾಕ್‌ನ ಎಣ್ಣೆಯಲ್ಲಿ, ಎಲ್ಲ ಭಾಗಗಳನ್ನೂ ಹೊತ್ತ ಚಾಸಿಯ ಎತ್ತರದಲ್ಲಿ. ಮೋಟರಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ದುಡ್ಡೂ ಅದೇ ಕ್ರಮದಲ್ಲಿ ಖರ್ಚಾಗಬೇಕು. ಈ ಹವ್ಯಾಸಕ್ಕೆ ಹೊಸಬರಾದ ನಿಮ್ಮ ಓದುಗರಿಗಾಗಿ ಆ ಕ್ರಮವನ್ನು ಅಳತೆ ಸಮೇತ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು, ಆದರೆ ಅಳತೆ ಬಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲ.

ಟ್ರಾಕ್ಸಸ್ ಕಂಪನಿಯ ಸ್ಲ್ಯಾಶ್ ಟೂ ವ್ಹೀಲ್ ಡ್ರೈವ್ ಟ್ರಕ್ಕನ್ನೇ ಮುಂದಿಟ್ಟುಕೊಳ್ಳುತ್ತೇನೆ. 2008ರಲ್ಲಿ ಬಂದ ಈ 1/10 ಅಳತೆಯ ಟ್ರಕ್ಕು ಶಾರ್ಟ್ ಕೋರ್ಸ್ ಎಂಬ ವರ್ಗವನ್ನು ಹವ್ಯಾಸಿಗಳ ನಡುವೆ ನೆಲೆಗೊಳಿಸಿತು. ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಓಡುವ ದೊಡ್ಡ ರೇಸ್ ಟ್ರಕ್ಕುಗಳದೇ ರೂಪ. ಉದ್ದ 568 ಮಿ.ಮೀ., ಅಗಲ 296 ಮಿ.ಮೀ., ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 335 ಮಿ.ಮೀ. ಮೋಟರ್ ಟ್ರಕ್ಕಿನ ಹಿಂಭಾಗದಲ್ಲಿ ಕೂತಿದೆ, ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಹಾಗಾಗಿ ಹಿಂದೆ ಹಿಡಿತ ಸುಲಭವಾಗಿ ಸಿಗುತ್ತದೆ, ತಿರುಗಿಸುವ ಮುಂಚಕ್ರಗಳಿಗೆ ಹಿಡಿತ ಕಡಿಮೆ. ಕಲ್ಲು ಮುಳ್ಳಿಗೆ ಜಗ್ಗದಂತೆ ಕಟ್ಟಿದ ಟ್ರಕ್ಕಾದ್ದರಿಂದ ನಿಲುವು ಎತ್ತರ, ಶಾಕ್‌ಗಳು ಮೆತ್ತಗೆ, ಮೂಲ ಚಾಸಿಯಲ್ಲಿ ಬ್ಯಾಟರಿಯೂ ಮೇಲೆಯೇ ಕೂರುತ್ತದೆ. ಬಯಲಲ್ಲಿ ಇವೆಲ್ಲ ಗುಣಗಳು. ಟ್ರ್ಯಾಕಿಗೆ ಬಂದ ಕ್ಷಣ ಇವೇ ದೋಷಗಳಾಗುತ್ತವೆ. ಬ್ಯಾಟರಿಯನ್ನು ಕೆಳಕ್ಕಿಳಿಸುವ ಎಲ್‌ಸಿಜಿ (ಭಾರದ ಕೇಂದ್ರ ತಗ್ಗಿರುವ) ಚಾಸಿಯನ್ನು ಕಂಪನಿಯೇ ಆಮೇಲೆ ತಂದಿತು. ಹಳೆಯ ಎತ್ತರದ ಚಾಸಿ ಇರುವವರು ಮೋಟರಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಇದನ್ನು ಕೊಂಡರೆ ತಿರುವಿನಲ್ಲಿ ಮಗುಚುವುದು ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ.

ಏನನ್ನೂ ಕೊಳ್ಳುವ ಮುಂಚೆ ಮಾಡುವ ಕೆಲಸ ಒಂದಿದೆ. ನಾಲ್ಕೂ ಶಾಕ್‌ಗಳನ್ನು ಕಳಚಿ, ಚಕ್ರವನ್ನು ಚಾಸಿಗೆ ಸೇರಿಸುವ ಸಸ್ಪೆನ್ಷನ್ ಆರ್ಮ್‌ಗಳನ್ನು ಒಂದೊಂದಾಗಿ ಮೇಲೆತ್ತಿ ಬಿಡಿ. ಆರ್ಮ್ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ಅರ್ಧದಲ್ಲಿ ನಿಂತರೆ ಆರ್ಮ್ ಆಡುವ ಕಡ್ಡಿಯಾದ ಹಿಂಜ್ ಪಿನ್ ಬಾಗಿದೆ, ಇಲ್ಲವೇ ತೂತಿನಲ್ಲಿ ಮಣ್ಣು ಕಟ್ಟಿಕೊಂಡಿದೆ. ಪಿನ್ನನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಕುಣಿಯುತ್ತದೆ. ಬಾಗಿದ ಪಿನ್ನನ್ನು ತಟ್ಟಿ ನೇರ ಮಾಡಲು ಹೋಗಬೇಡಿ, ಬದಲಿಸಿ. ಸ್ಟಿಯರಿಂಗ್ ಕೊಂಡಿಯನ್ನು ಸರ್ವೊದಿಂದ (ಮುಂಚಕ್ರ ತಿರುಗಿಸುವ ಚಿಕ್ಕ ಮೋಟರು) ಬಿಡಿಸಿ ಕೈಯಿಂದ ಆಡಿಸಿ, ಎಲ್ಲೂ ತಡೆಯಬಾರದು. ಚಕ್ರದ ಬೇರಿಂಗ್ ಕರಕರ ಅಂದರೆ ತೊಳೆದು, ಒಂದೇ ಹನಿ ತೆಳು ಎಣ್ಣೆ ಬಿಡಿ. ಹೆಚ್ಚು ಬಿಟ್ಟರೆ ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಆರ್ಮ್ ಬಿಗಿಯಾಗಿರುವ ಟ್ರಕ್ಕಿಗೆ ಯಾವ ಶಾಕ್ ಎಣ್ಣೆ ಹಾಕಿದರೂ ಹದ ಸಿಗುವುದಿಲ್ಲ, ಏಕೆಂದರೆ ಆಗ ನೀವು ಎಣ್ಣೆಯನ್ನಲ್ಲ, ಮಣ್ಣಿನ ತಿಕ್ಕಾಟವನ್ನು ಹದ ಮಾಡುತ್ತಿರುತ್ತೀರಿ.

ಇನ್ನು ಟೈರು. ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು: ನೆಲ ನೋಡಿ ಟೈರು. ನೆಲ ಸಡಿಲವಾಗಿ, ಹಸಿಯಾಗಿ, ಬೆರಳು ಊರಿದರೆ ಇಳಿಯುವಂತಿದ್ದರೆ ಎತ್ತರದ, ಬಿಡಿಬಿಡಿಯಾದ ರಬ್ಬರ್ ಮೊಳೆಗಳಿರುವ ಟೈರು ಬೇಕು, ಮೊಳೆ ಮಣ್ಣಿನೊಳಗೆ ಇಳಿದು ಹಿಡಿಯುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಧೂಳು ಹರಡಿದ್ದರೆ ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿಗಳು ಒತ್ತೊತ್ತಾಗಿರುವ ಟೈರು. ಓಡಿ ಓಡಿ ರಬ್ಬರ್ ಬಳಿದುಕೊಂಡು ಕಪ್ಪಗೆ ಮಿನುಗುವ ಗೆರೆ ಬಿದ್ದ ನೆಲವಾದರೆ ಗುಬ್ಬಿಗಳು ತೀರಾ ತಗ್ಗಾಗಿರುವ, ಬಹುತೇಕ ನುಣುಪಾದ ಟೈರೇ ಸರಿ. ಗಟ್ಟಿ ನೆಲಕ್ಕೆ ಎತ್ತರದ ಮೊಳೆಯ ಟೈರು ಹಾಕಿದರೆ ಮೊಳೆಗಳು ಮಡಚಿಕೊಂಡು ಟ್ರಕ್ಕು ಮಣಿಗಳ ಮೇಲೆ ಹೋದಂತೆ ಜಾರುತ್ತದೆ. ಹೊಸಬರು ‘ಮೊಳೆ ದೊಡ್ಡದಾದಷ್ಟೂ ಹಿಡಿತ ಹೆಚ್ಚು’ ಎಂದುಕೊಳ್ಳುವುದೇ ಮೊದಲ ತಪ್ಪು.

ರಬ್ಬರಿನ ಮೆತುತನ ಎರಡನೆಯ ವಿಷಯ. ಮೆತ್ತನೆಯ ರಬ್ಬರ್ ತಂಪು ನೆಲದಲ್ಲಿ ಚೆನ್ನಾಗಿ ಕಚ್ಚುತ್ತದೆ, ಕಾದ ನೆಲದಲ್ಲಿ ಬೇಗ ಸವೆಯುತ್ತದೆ. ಅತಿ ಮೆತ್ತನೆಯದನ್ನು ಕಲ್ಲಂಗಳದಂಥ ನೆಲದ ಮೇಲೆ ಓಡಿಸಿದರೆ ಒಂದೇ ದಿನದಲ್ಲಿ ಗುಬ್ಬಿಗಳ ಮೂಲೆ ಉಜ್ಜಿಹೋಗುತ್ತದೆ. ಗುಬ್ಬಿಯ ಅಂಚು ದುಂಡಗಾಯಿತೆಂದರೆ ಸ್ಪರ್ಧೆಯ ಮಟ್ಟಿಗೆ ಆ ಟೈರಿನ ಆಯುಸ್ಸು ಮುಗಿಯಿತು. ನೋಡಲು ಇನ್ನೂ ಅರ್ಧ ಎತ್ತರ ಉಳಿದಿದ್ದರೂ ಅಷ್ಟೆ, ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಟೈರನ್ನು ರಿಮ್ಮಿಗೆ ಅಂಟಿಸುವ ಕೆಲಸದಲ್ಲಿ ಅವಸರ ಪಟ್ಟವರೇ ಹೆಚ್ಚು. ಹೊಸ ಟೈರಿನ ಅಂಚಿನಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಇರುತ್ತದೆ. ಅಂಚನ್ನೂ ರಿಮ್ಮಿನ ಕಾಲುವೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ರಿಮ್ಮನ್ನು ನುಣುಪು ಉಪ್ಪುಕಾಗದದಿಂದ ಸ್ವಲ್ಪ ತರಿ ಮಾಡಿ. ಒಳಗಿನ ಸ್ಪಂಜು ಎಲ್ಲೂ ಮಡಚದಂತೆ ಕೂರಿಸಿ. ಆಮೇಲೆ ತೆಳುವಾದ ಸೂಪರ್ ಗ್ಲೂವನ್ನು ಅಂಚನ್ನು ಬೆರಳಿನಿಂದ ಬಿಡಿಸುತ್ತಾ ಒಂದು ಬದಿಗೆ ನಾಲ್ಕು ಕಡೆ ಒಂದೊಂದು ಹನಿ ಬಿಡಿ, ಅದು ಹಿಡಿದ ಮೇಲೆ ನಡುವಿನ ಜಾಗಗಳನ್ನು ತುಂಬಿ. ಒಂದು ಬದಿ ಪೂರ್ತಿ ಒಣಗುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಸ್ಲ್ಯಾಶ್ ಟೂ ವ್ಹೀಲ್ ಡ್ರೈವ್‌ನ ಮುಂದಿನ ರಿಮ್ಮಿಗೂ ಹಿಂದಿನ ರಿಮ್ಮಿಗೂ ಆಫ್‌ಸೆಟ್ (ರಿಮ್ಮು ಒಳಕ್ಕೋ ಹೊರಕ್ಕೋ ಕೂರುವ ಅಳತೆ) ಬೇರೆ, ಅಂಟಿಸುವ ಮುಂಚೆ ಯಾವುದು ಯಾವುದೆಂದು ಗುರುತು ಮಾಡಿಕೊಳ್ಳದಿದ್ದರೆ ಟೈರೂ ರಿಮ್ಮೂ ಎರಡೂ ದಂಡ.

ಗಾಳಿ ತೂತಿನ ಬಗ್ಗೆಯೂ ಒಂದು ಮಾತು. ಟೈರಿನೊಳಗಿನ ಗಾಳಿ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಟೈರು ಚೆಂಡಿನಂತೆ ಪುಟಿಯುತ್ತದೆ. ಒಣ ನೆಲಕ್ಕೆ ರಿಮ್ಮಿನಲ್ಲೇ 3 ಮಿ.ಮೀ.ನ ಎರಡು ತೂತು ಸಾಕು. ನೀರು ಹೊಡೆದ ನೆಲದಲ್ಲಿ ರಿಮ್ಮಿನ ತೂತಿನಿಂದ ಒಳಹೋದ ನೀರು ಸ್ಪಂಜಿನಲ್ಲೇ ಕೂತು ಚಕ್ರ ಕಲ್ಲಾಗುತ್ತದೆ, ಸುತ್ತುವಾಗ ನಡುಗುತ್ತದೆ. ಅಂಥ ಕಡೆ ರಿಮ್ಮಿನ ತೂತಿಗೆ ಟೇಪ್ ಅಂಟಿಸಿ, ಟೈರಿನ ನಡುಗೆರೆಯಲ್ಲಿ ಎದುರುಬದುರಾಗಿ ಎರಡು ಚಿಕ್ಕ ತೂತು ಹೊಡೆಯಿರಿ. ಚಕ್ರ ಸುತ್ತಿದಾಗ ನೀರು ತಾನಾಗಿ ಹೊರಕ್ಕೆ ಚಿಮ್ಮುತ್ತದೆ.

ಟೈರು ಸರಿಹೋದ ಮೇಲೆ ಶಾಕ್. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕಡಿಮೆ ದುಡ್ಡಿಗೆ ಹೆಚ್ಚು ಫಲ ಸಿಗುವ ಜಾಗ ಇದೇ. ಮೊದಲಿಗೆ ಮುಂದೆ 35 ವೇಟ್, ಹಿಂದೆ 30 ವೇಟ್ ಸಿಲಿಕೋನ್ ಎಣ್ಣೆಯಿಂದ ಶುರು ಮಾಡಬಹುದು. ಎಣ್ಣೆಯ ದಪ್ಪ ಹೇಳುವ ‘ವೇಟ್’ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಆದ್ದರಿಂದ ಡಬ್ಬಿಯ ಮೇಲಿನ ಸಿಎಸ್‌ಟಿ (ಸೆಂಟಿಸ್ಟೋಕ್) ಅಂಕಿ ನೋಡಿ ಕೊಳ್ಳುವುದು ಒಳ್ಳೆಯದು. ಟೀಮ್ ಅಸೋಸಿಯೇಟೆಡ್ ಕಂಪನಿಯ ಲೆಕ್ಕದಲ್ಲಿ 30 ವೇಟ್ ಅಂದರೆ 350 ಸಿಎಸ್‌ಟಿ, 35 ವೇಟ್ 425, 40 ವೇಟ್ 500. ಸಿಲಿಕೋನ್ ಎಣ್ಣೆಯ ಅಂಕಿಯನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳುವುದು ವಾಡಿಕೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಅದೇ ಎಣ್ಣೆ ಕಾಲು ಭಾಗದಷ್ಟು ತೆಳುವಾಗಿರುತ್ತದೆ. ಬೆಳಗ್ಗೆ ಏಳಕ್ಕೆ ಸರಿಯಾಗಿದ್ದ ಟ್ರಕ್ಕು ಮಧ್ಯಾಹ್ನ ಕುಪ್ಪಳಿಸುವುದು ಇದೇ ಕಾರಣಕ್ಕೆ. ಬಿಸಿಲಿನ ದಿನ 5 ವೇಟ್ ಏರಿಸಿ, ಸಂಜೆ ತಂಪಾದರೆ ಇಳಿಸಿ.

ಎಣ್ಣೆ ತುಂಬುವ ಬಗೆ ಹೀಗೆ. ಶಾಕನ್ನು ನೆಟ್ಟಗೆ ಹಿಡಿದು, ಪಿಸ್ಟನ್ ಪೂರ್ತಿ ಕೆಳಗಿರುವಾಗ ಅಂಚಿನ ತನಕ ಎಣ್ಣೆ ಹೊಯ್ಯಿರಿ. ಪಿಸ್ಟನ್ನನ್ನು ಎಣ್ಣೆಯ ಮಟ್ಟಕ್ಕಿಂತ ಮೇಲೆ ಬರದಂತೆ ನಿಧಾನವಾಗಿ ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಿ. ಗುಳ್ಳೆಗಳೆಲ್ಲ ಮೇಲೆ ಬರಲು ಹತ್ತು ನಿಮಿಷ ಹಾಗೇ ನಿಲ್ಲಿಸಿ. ಆಮೇಲೆ ಪಿಸ್ಟನ್ನಿನ ಕಡ್ಡಿಯನ್ನು ಅರ್ಧದಷ್ಟು ಒಳಗೆ ತಳ್ಳಿ, ಉಕ್ಕಿದ ಎಣ್ಣೆಯನ್ನು ಹೋಗಗೊಟ್ಟು ಮುಚ್ಚಳ ಬಿಗಿಯಿರಿ. ಕೈಯಲ್ಲಿ ಒತ್ತಿದಾಗ ಪಿಚಪಿಚ ಸದ್ದು ಬಂದರೆ ಗಾಳಿ ಉಳಿದಿದೆ, ಮತ್ತೆ ಬಿಚ್ಚಬೇಕು. ಕಡ್ಡಿಯನ್ನು ಪೂರ್ತಿ ಒಳಗೆ ಒತ್ತಲು ಆಗದಿದ್ದರೆ ಎಣ್ಣೆ ಹೆಚ್ಚಾಗಿದೆ. ಎಡ ಬಲದ ಎರಡನ್ನೂ ಒಟ್ಟಿಗೆ ಅಂಗೈಗಳ ನಡುವೆ ಇಟ್ಟು ಒತ್ತಿಬಿಟ್ಟಾಗ ಒಂದೇ ವೇಗದಲ್ಲಿ, ಒಂದೇ ಉದ್ದಕ್ಕೆ ಹಿಂದಿರುಗಬೇಕು. ಒಂದು ಹೆಚ್ಚು ಒಂದು ಕಡಿಮೆಯಾದರೆ ಟ್ರಕ್ಕು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುತ್ತದೆ. ಮುಚ್ಚಳ ಬಿಗಿದ ಮೇಲೂ ಕಡ್ಡಿಯ ಬುಡದಲ್ಲಿ ಎಣ್ಣೆ ಜಿನುಗಿದರೆ ಅದನ್ನು ತಡೆಯುವ ರಬ್ಬರ್ ಉಂಗುರ, ಓ-ರಿಂಗ್, ಹರಿದಿದೆ. ಬಹಳ ಸಲ ಜೋಡಿಸುವಾಗಲೇ ಕಡ್ಡಿಯ ತಿರುಪು ಅದನ್ನು ಗೀರಿಬಿಡುತ್ತದೆ. ತಿರುಪಿನ ಮೇಲೆ ಒಂದು ಹನಿ ಅದೇ ಎಣ್ಣೆ ಸವರಿ, ತಿರುಗಿಸುತ್ತಾ ಮೆಲ್ಲಗೆ ತೂರಿಸಿದರೆ ಉಳಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್ ಹಾಕಿದರೆ ಓ-ರಿಂಗ್ ಊದಿಕೊಂಡು ಕೆಡುತ್ತದೆ.

ಪಿಸ್ಟನ್ ತೂತುಗಳೂ ಎಣ್ಣೆಯೂ ಒಂದೇ ಕೆಲಸ ಮಾಡುವಂತೆ ಕಂಡರೂ ಎರಡೂ ಒಂದಲ್ಲ. ತೂತು ಸಣ್ಣದಾಗಿದ್ದು ಎಣ್ಣೆ ತೆಳುವಾಗಿದ್ದರೆ ನಿಧಾನದ ಓಲಾಟದಲ್ಲಿ ಟ್ರಕ್ಕು ಮೆತ್ತಗಿರುತ್ತದೆ, ಜಿಗಿದು ಬಿದ್ದಾಗ ಮಾತ್ರ ಎಣ್ಣೆ ಅಷ್ಟು ಬೇಗ ತೂತಿನಲ್ಲಿ ಹಾಯಲಾಗದೆ ಶಾಕ್ ಗಕ್ಕನೆ ಬಿಗಿಯುತ್ತದೆ. ದೊಡ್ಡ ಜಿಗಿತಗಳಿರುವ ಟ್ರ್ಯಾಕಿಗೆ ಇದು ಬೇಕು. ಸಣ್ಣ ಸಣ್ಣ ಉಬ್ಬುಗಳು ಸಾಲಾಗಿರುವ ಟ್ರ್ಯಾಕಿಗೆ ಇದೇ ಶತ್ರು, ಅಲ್ಲಿ ದೊಡ್ಡ ತೂತು, ದಪ್ಪ ಎಣ್ಣೆ ಮೇಲು. ಪರೀಕ್ಷೆ ಸುಲಭ. ಬ್ಯಾಟರಿ, ಬಾಡಿ ಎಲ್ಲ ಕೂರಿಸಿದ ಟ್ರಕ್ಕನ್ನು ಮಟ್ಟವಾಗಿ ಹಿಡಿದು 30 ಸೆಂ.ಮೀ. ಎತ್ತರದಿಂದ ಬಿಡಿ. ಚಾಸಿ ನೆಲಕ್ಕೆ ಒಮ್ಮೆ ಮೆಲ್ಲಗೆ ತಟ್ಟಿ, ಪುಟಿಯದೆ ಕೂರಬೇಕು, ಮುಂದು ಹಿಂದು ಒಟ್ಟಿಗೆ ಕೂರಬೇಕು. ಧಡ್ ಎಂದು ಹೊಡೆದರೆ ಎಣ್ಣೆ ತೆಳು, ನೆಲ ಮುಟ್ಟುವ ಮುಂಚೆಯೇ ಪುಟಿದರೆ ದಪ್ಪ ಅಥವಾ ಸ್ಪ್ರಿಂಗ್ ಗಡಸು.

ಇದರ ಜೊತೆಗೇ ಚಾಸಿಯ ಎತ್ತರ. 10 ಸೆಂ.ಮೀ. ಎತ್ತರದಿಂದ ಒಮ್ಮೆ ಬಿಟ್ಟು, ಅರ್ಧ ಅಡಿ ಮುಂದಕ್ಕೆ ಉರುಳಿಸಿ, ಆಮೇಲೆ ಅಳೆಯಬೇಕು. ಉರುಳಿಸದೆ ಅಳೆದರೆ ಟೈರು ನೆಲಕ್ಕೆ ಕಚ್ಚಿಕೊಂಡು ಸುಳ್ಳು ಅಳತೆ ತೋರಿಸುತ್ತದೆ. ಟ್ರ್ಯಾಕಿಗೆ 25ರಿಂದ 30 ಮಿ.ಮೀ. ಒಳಗೆ ಇರಲಿ. ಹೆಚ್ಚು ಉಬ್ಬುತಗ್ಗಿದ್ದರೆ 30ರ ಕಡೆ, ನೆಲ ನುಣುಪಾಗಿದ್ದು ಹಿಡಿತ ಜೋರಾಗಿದ್ದರೆ 25ರ ಕಡೆ. ಹಿಂದೆ ಚಕ್ರಗಳಿಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ಗಳು ನೆಲಕ್ಕೆ ಸಮನಾಗಿ ಮಲಗಿದ್ದರೆ ಅದು ಒಳ್ಳೆಯ ಶುರು.

ಎತ್ತರ ಬದಲಿಸುವುದು ಶಾಕ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆಗಳಿಂದ, ಅಥವಾ ಮೈಮೇಲೆ ತಿರುಪಿನ ಗೆರೆಗಳಿರುವ ಶಾಕ್ ಆದರೆ ಅದರ ಉಂಗುರ ತಿರುಗಿಸಿ. ಬಿಲ್ಲೆ ಸೇರಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುತ್ತಿನ ಅಗಲ ಮತ್ತು ಸುತ್ತುಗಳ ಲೆಕ್ಕದಿಂದ ಬಂದದ್ದು, ಬಿಲ್ಲೆಯಿಂದ ಬದಲಾಗದು. ಬಿಲ್ಲೆ ಟ್ರಕ್ಕನ್ನು ಎತ್ತುತ್ತದೆ, ಅಷ್ಟೆ. ಗಡಸು ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಈ ಒಂದು ತಪ್ಪು ತಿಳಿವಳಿಕೆಯಿಂದ ಬಿಲ್ಲೆ ಮೇಲೆ ಬಿಲ್ಲೆ ಹಾಕಿ, ಒಂಟೆಯಂತೆ ಎತ್ತರ ನಿಂತು ತಿರುವಿನಲ್ಲಿ ಉರುಳುವ ಟ್ರಕ್ಕುಗಳು ಹೊಸಬರ ಸಾಲಿನಲ್ಲಿ ಸಾಮಾನ್ಯ.

ಸ್ಲ್ಯಾಶ್‌ನ ಶಾಕ್‌ಗಳು ಉದ್ದ. ಟ್ರಕ್ಕನ್ನು ಎತ್ತಿ ಹಿಡಿದರೆ ಚಕ್ರಗಳು ತುಂಬಾ ಕೆಳಕ್ಕೆ ಜೋತುಬೀಳುತ್ತವೆ. ಟ್ರ್ಯಾಕಿನಲ್ಲಿ ಇಷ್ಟು ಜೋತು ಬೇಡ, ಬ್ರೇಕ್ ಒತ್ತಿದರೆ ಹಿಂಭಾಗ ಎದ್ದು ನಿಲ್ಲುತ್ತದೆ, ಥ್ರಾಟಲ್ ಕೊಟ್ಟರೆ ಮುಂಭಾಗ ಏಳುತ್ತದೆ. ಶಾಕ್ ಬಿಚ್ಚಿದಾಗ ಪಿಸ್ಟನ್ನಿನ ಕೆಳಗೆ, ಕಡ್ಡಿಗೆ 3ರಿಂದ 5 ಮಿ.ಮೀ. ಉದ್ದದ ನೈಲಾನ್ ಕೊಳವೆ ತುಂಡು ಪೋಣಿಸಿದರೆ ಆ ಅಳತೆಯಷ್ಟು ಕಡ್ಡಿಯ ಓಟ ಕಡಿಮೆಯಾಗುತ್ತದೆ. ನಾಲ್ಕೂ ತುಂಡುಗಳನ್ನು ವರ್ನಿಯರ್‌ನಲ್ಲಿ ಅಳೆದೇ ಕತ್ತರಿಸಬೇಕು. ತೀರಾ ಹೆಚ್ಚು ಹಾಕಿದರೆ ಉಬ್ಬಿನ ಮೇಲೆ ಚಕ್ರ ನೆಲ ಬಿಟ್ಟು ಹಾರುತ್ತದೆ, ಆದ್ದರಿಂದ ಚಿಕ್ಕದರಿಂದ ಶುರು ಮಾಡಿ.

ಚಕ್ರದ ಕೋನಗಳಿಗೆ ಹೆಚ್ಚು ಜಾಗ ಬೇಡ. ಕ್ಯಾಂಬರ್ ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ. ಮುಂದೂ ಹಿಂದೂ 1ರಿಂದ 2 ಡಿಗ್ರಿ ಒಳಕ್ಕೆ. ಗೇಜ್ ಇಲ್ಲದವರಿಗೆ ಮೂಲೆಮಟ್ಟ ಸಾಕು. ಸುಮಾರು 110 ಮಿ.ಮೀ. ಎತ್ತರದ ಈ ಟೈರಿನಲ್ಲಿ 1 ಡಿಗ್ರಿ ಎಂದರೆ ಮೇಲ್ತುದಿ ಕೆಳತುದಿಗಿಂತ ಹೆಚ್ಚುಕಡಿಮೆ 2 ಮಿ.ಮೀ. ಒಳಗೆ. ಹತ್ತು ನಿಮಿಷ ಓಡಿಸಿ ಟೈರು ನೋಡಿ: ಅಗಲಕ್ಕೂ ಸಮನಾಗಿ ಸವೆದಿದ್ದರೆ ಸರಿ, ಒಳಅಂಚು ಮಾತ್ರ ಸವೆದಿದ್ದರೆ ಕೋನ ಹೆಚ್ಚಾಗಿದೆ. ಮುಂದಿನ ಚಕ್ರಗಳು ನೇರ, ಅಥವಾ 1 ಡಿಗ್ರಿ ಹೊರಕ್ಕೆ ತೆರೆದಿರಲಿ, ತಿರುವಿಗೆ ಬೇಗ ಇಳಿಯುತ್ತದೆ. ಹಿಂದಿನ ಚಕ್ರಗಳು ಒಳಕ್ಕೆ ಮುಚ್ಚಿರಬೇಕು, ಟೂ ವ್ಹೀಲ್ ಡ್ರೈವ್ ಟ್ರಕ್ಕುಗಳಲ್ಲಿ 3 ಡಿಗ್ರಿ ರೂಢಿ. ಅದನ್ನು ಕಡಿಮೆ ಮಾಡಿದರೆ ನೇರದಲ್ಲಿ ಕೂದಲೆಳೆಯಷ್ಟು ವೇಗ ಸಿಗಬಹುದು, ತಿರುವಿನಿಂದ ಹೊರಬರುವಾಗ ಬಾಲ ಹೊಡೆಯುವುದು ಖಚಿತ.

ಡಿಫ್ (ಡಿಫರೆನ್ಷಿಯಲ್) ಮತ್ತು ಸ್ಲಿಪ್ಪರ್ ಕ್ಲಚ್ ಎರಡನ್ನೂ ಒಂದೇ ಎಂದು ಗೊಂದಲ ಮಾಡಿಕೊಳ್ಳುವವರು ಇದ್ದಾರೆ. ತಿರುವಿನಲ್ಲಿ ಎಡ ಬಲದ ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವುದು ಡಿಫ್. ಎಣ್ಣೆ ತುಂಬುವಂಥ, ಸೀಲ್ ಇರುವ ಗೇರ್ ಡಿಫ್ ಆದರೆ 5,000ದಿಂದ 10,000 ಸಿಎಸ್‌ಟಿ ಒಳಗೆ ಪ್ರಯತ್ನಿಸಿ. ತೆಳುವಾದರೆ ತಿರುವಿನಲ್ಲಿ ಒಳಚಕ್ರ ಗರಗರ ಸುತ್ತಿ ಶಕ್ತಿ ಪೋಲಾಗುತ್ತದೆ, ದಪ್ಪವಾದರೆ ಥ್ರಾಟಲ್ ಮುಟ್ಟಿದ ತಕ್ಷಣ ಹಿಂಭಾಗ ಜಾರುತ್ತದೆ. ಮುಚ್ಚಳದ ತನಕ ತುಂಬಬೇಡಿ, ಒಳಗಿನ ಅಡ್ಡ ಕಡ್ಡಿ ಮುಳುಗುವಷ್ಟು ಸಾಕು. ಎಣ್ಣೆ ಬಿಸಿಯಾಗಿ ಹಿಗ್ಗಲು ಜಾಗ ಬೇಕು, ಇಲ್ಲದಿದ್ದರೆ ಸೀಲ್ ಒಡೆದು ಸೋರುತ್ತದೆ.

ಸ್ಲಿಪ್ಪರ್ ಕೆಲಸ ಬೇರೆ. ಜಿಗಿದು ಬಿದ್ದಾಗ, ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಗೇರುಗಳಿಗೆ ಬೀಳುವ ಹೊಡೆತವನ್ನು ಅದು ತಾನು ಜಾರಿ ತಪ್ಪಿಸುತ್ತದೆ. ನಟ್ಟನ್ನು ಸ್ಪ್ರಿಂಗ್ ಪೂರ್ತಿ ಕುಗ್ಗುವ ತನಕ ಬಿಗಿದು, ಅರ್ಧ ಸುತ್ತು ಸಡಿಲಿಸಿ ಶುರು ಮಾಡಿ. ಟ್ರ್ಯಾಕಿನ ಮೇಲೆ, ನಿಂತಲ್ಲಿಂದ ಒಮ್ಮೆಲೇ ಥ್ರಾಟಲ್ ಕೊಟ್ಟಾಗ ಮೊದಲ ಒಂದೆರಡು ಅಡಿ ‘ಜೀಂ’ ಎಂಬ ಸದ್ದು ಕೇಳಿ ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಬಿಗಿ ಹೆಚ್ಚು, ಡ್ರೈವ್‌ಶಾಫ್ಟ್ ಇಲ್ಲವೇ ಗೇರಿನ ಹಲ್ಲು ಮುರಿಯುವ ದಿನ ದೂರವಿಲ್ಲ. ಸದ್ದು ನಿಲ್ಲದೆ ಬರುತ್ತಿದ್ದರೆ ಸಡಿಲ, ಪ್ಯಾಡುಗಳು ಕಾದು ಪ್ಲಾಸ್ಟಿಕ್ಕಿನ ದೊಡ್ಡ ಗೇರನ್ನೇ, ಅಂದರೆ ಸ್ಪರ್ ಗೇರನ್ನೇ, ಕರಗಿಸುತ್ತವೆ. ಪುಡಿಪುಡಿ ಒಣ ನೆಲದಲ್ಲಿ ಎಂಟನೇ ಒಂದು ಸುತ್ತು ಸಡಿಲ ಇಟ್ಟರೆ ಚಕ್ರ ಸುಮ್ಮನೆ ಸುತ್ತುವುದು ಕಡಿಮೆಯಾಗುತ್ತದೆ.

ಈಗ ಗೇರು. ಮೋಟರಿನ ಚಿಕ್ಕ ಗೇರಾದ ಪಿನಿಯನ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಸಿಕ್ಕಿಸಿ, ಎರಡನ್ನೂ ಒತ್ತಿ ಹಿಡಿದು ಮೋಟರಿನ ಸ್ಕ್ರೂ ಬಿಗಿದು, ಗೇರು ತಿರುಗಿಸಿ ಹಾಳೆ ಹೊರತೆಗೆಯಿರಿ. ಹಾಳೆ ಹರಿಯದೆ, ನೆರಿಗೆ ಬಿದ್ದು ಬರಬೇಕು. ಒಂದೇ ಕಡೆ ನೋಡಿದರೆ ಸಾಲದು. ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ಕಾಲು ಸುತ್ತಿಗೊಮ್ಮೆ ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಕಡೆಗೆ ಹೊಂದಿಸಬೇಕು.

ಸ್ಲ್ಯಾಶ್ ಟೂ ವ್ಹೀಲ್ ಡ್ರೈವ್‌ನ ಗೇರ್‌ಬಾಕ್ಸಿನ ಒಳ ಅನುಪಾತ 2.72. ಸ್ಪರ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿ 2.72ರಿಂದ ಗುಣಿಸಿದರೆ ಚಕ್ರ ಒಂದು ಸುತ್ತು ಸುತ್ತಲು ಮೋಟರ್ ಎಷ್ಟು ಸುತ್ತಬೇಕೆಂದು ತಿಳಿಯುತ್ತದೆ. 86 ಹಲ್ಲಿನ ಸ್ಪರ್, 19 ಹಲ್ಲಿನ ಪಿನಿಯನ್ ಆದರೆ 12.31. ಪಿನಿಯನ್ 18 ಆದರೆ 13.00, 20 ಆದರೆ 11.70. ಅಂಕಿ ಕಡಿಮೆಯಾದಷ್ಟೂ ನೇರದಲ್ಲಿ ವೇಗ ಹೆಚ್ಚು, ಮೋಟರಿಗೆ ಬಿಸಿಯೂ ಹೆಚ್ಚು. ಇಕ್ಕಟ್ಟಾದ ಟ್ರ್ಯಾಕಿಗೆ ಚಿಕ್ಕ ಪಿನಿಯನ್ನಿನಿಂದ ಶುರು ಮಾಡಿ, ಐದು ನಿಮಿಷ ಓಡಿಸಿ ಮೋಟರಿನ ಬಿಸಿ ಅಳೆಯಿರಿ. 70 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಮಾತ್ರ ಇನ್ನೊಂದು ಹಲ್ಲು ಏರಿಸಬಹುದು. ನಮ್ಮ ಬೇಸಿಗೆಯಲ್ಲಿ ಹವೆಯೇ ಆ ಅಂಕಿಯ ಅರ್ಧ ದಾಟಿರುತ್ತದೆ, ಆದ್ದರಿಂದ ಜನವರಿಯಲ್ಲಿ ಹೊಂದಿದ ಪಿನಿಯನ್ ಏಪ್ರಿಲ್‌ನಲ್ಲಿ ಮೋಟರ್ ಸುಡಬಹುದು. ಕಂಪನಿಯಿಂದ ಬರುವ ಟೈಟನ್ 12 ಟರ್ನ್ ಬ್ರಷ್ ಮೋಟರೇ ಕಲಿಯುವ ಮೊದಲ ಋತುವಿಗೆ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಸಾಲದು ಎಂದು ನಿಮ್ಮ ಲ್ಯಾಪ್ ಸಮಯವೇ ಹೇಳಿದ ಮೇಲೆ ಸೆನ್ಸರ್ ಇರುವ ಬ್ರಷ್‌ಲೆಸ್ ಮೋಟರಿಗೆ ಹೋಗಿ. ಸೆನ್ಸರ್ ಇಲ್ಲದ್ದು ನಿಧಾನದ ವೇಗದಲ್ಲಿ ತೊದಲುತ್ತದೆ, ತಿರುವಿನಿಂದ ಮೆಲ್ಲಗೆ ಹೊರಬರುವಾಗ ಅದು ಕಾಡುತ್ತದೆ.

ಬ್ಯಾಟರಿ ವಿಷಯದಲ್ಲಿ ಸಡಿಲ ಬೇಡ. ಈ ವರ್ಗಕ್ಕೆ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 7.4 ವೋಲ್ಟ್, ಪೂರ್ತಿ ತುಂಬಿದಾಗ 8.4. ಮೂರು ಸೆಲ್ಲಿನದು ಹಾಕಿ ಸ್ಪರ್ಧೆಗೆ ಬಂದರೆ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. 5,000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್‌ಗಿಂತ ಹೆಚ್ಚು ಚಾರ್ಜ್ ಕೊಡಬೇಡಿ, ಸೆಲ್ಲುಗಳನ್ನು ಸಮನಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸದೆ ಚಾರ್ಜ್ ಮಾಡಲೇಬೇಡಿ, ಪಕ್ಕದಲ್ಲಿ ಯಾರೂ ಇಲ್ಲದೆ ಬಿಟ್ಟು ಹೋಗಬೇಡಿ. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಸೆಲ್ಲಿಗೆ 3.8 ವೋಲ್ಟ್ ಮಟ್ಟದಲ್ಲಿ ಇಡಿ. ಮೋಟರಿನ ವೇಗ ನಿಯಂತ್ರಿಸುವ ಎಕ್ಸ್‌ಎಲ್-5 ಸ್ಪೀಡ್ ಕಂಟ್ರೋಲ್ ಇರುವವರು ಅದರ ದೀಪ ನೋಡಿ: ಹಸಿರು ಇದ್ದರೆ ವೋಲ್ಟೇಜ್ ಇಳಿದಾಗ ತಡೆಯುವ ರಕ್ಷಣೆ ಚಾಲೂ ಇದೆ, ಕೆಂಪು ಇದ್ದರೆ ಇಲ್ಲ. ಕೆಂಪು ದೀಪದಲ್ಲಿ ಲಿಪೊ ಓಡಿಸಿದರೆ ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದು ಊದಿಕೊಳ್ಳುತ್ತದೆ, ಊದಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವುದು ಮನೆಗೆ ಬೆಂಕಿಯಿಟ್ಟಂತೆ. ಅದೇ ಕಂಟ್ರೋಲ್‌ನಲ್ಲಿ ಅರ್ಧ ಥ್ರಾಟಲ್ ಮಾತ್ರ ಕೊಡುವ ಟ್ರೇನಿಂಗ್ ಮೋಡ್ ಇದೆ, ಮಕ್ಕಳ ಕೈಗೆ ಕೊಡುವಾಗ ಅದನ್ನೇ ಹಾಕಿ.

ಇನ್ನು ಬಾಡಿ. ಶಾರ್ಟ್ ಕೋರ್ಸ್ ಟ್ರಕ್ಕಿನ ಬಾಡಿ ಅಗಲ, ಒಳಗೆ ಟೊಳ್ಳು. ಜಿಗಿತದಲ್ಲಿ ಗಾಳಿ ಮುಂದಿನಿಂದ ನುಗ್ಗಿ ಹೊರಹೋಗಲು ದಾರಿ ಕಾಣದೆ, ಬಿರುಗಾಳಿಗೆ ಕೊಡೆ ಎತ್ತಿದಂತೆ ಟ್ರಕ್ಕನ್ನು ಎತ್ತುತ್ತದೆ. ಹಿಂಬದಿಯ ಫಲಕದಲ್ಲಿ, ಹಿಂಚಕ್ರದ ಹಿಂದಿನ ಭಾಗದಲ್ಲಿ ದೊಡ್ಡ ತೂತುಗಳನ್ನು ಕೊರೆದು ಗಾಳಿಗೆ ದಾರಿ ಮಾಡಬೇಕು. ಮೂಲೆಗಳನ್ನು ಚೌಕವಾಗಿ ಕತ್ತರಿಸಬೇಡಿ, ಅಲ್ಲಿಂದಲೇ ಪಾಲಿಕಾರ್ಬೊನೇಟ್ ಸೀಳುತ್ತದೆ. ಮೊದಲು ಮೂಲೆಯಲ್ಲಿ ದುಂಡು ತೂತು, ಆಮೇಲೆ ಅವುಗಳ ನಡುವೆ ಕತ್ತರಿ. ಎಷ್ಟು ಕತ್ತರಿಸಬಹುದೆಂಬ ಮಿತಿ ಆಯಾ ಕ್ಲಬ್ಬಿನ ನಿಯಮದಲ್ಲಿ ಇರುತ್ತದೆ, ಕೇಳಿಕೊಳ್ಳಿ. ಗಾಳಿಯಲ್ಲಿದ್ದಾಗ ಥ್ರಾಟಲ್ ಕೊಟ್ಟರೆ ಮೂತಿ ಏಳುತ್ತದೆ, ಬ್ರೇಕ್ ಕೊಟ್ಟರೆ ಇಳಿಯುತ್ತದೆ, ಅದು ಕೈಯಭ್ಯಾಸ. ಆದರೆ ತೂತಿಲ್ಲದ ಬಾಡಿಯ ಕೆಲಸವನ್ನು ಕೈಯಭ್ಯಾಸದಿಂದ ಮಾಡಲು ಹೋದರೆ ಬಸವಳಿಯುತ್ತೀರಿ.

ಹಿಡಿತ ತೀರಾ ಹೆಚ್ಚಾದ ನೆಲದಲ್ಲಿ ಟ್ರಕ್ಕು ತಿರುವಿನಲ್ಲಿ ಹೊರಚಕ್ರಗಳ ಮೇಲೆ ಎದ್ದು ಉರುಳುತ್ತದೆ. ಮೊದಲು ಎತ್ತರವನ್ನು 2 ಮಿ.ಮೀ. ಇಳಿಸಿ. ಸಾಲದಿದ್ದರೆ ಮುಂದಿನ ಟೈರುಗಳ ಪಕ್ಕದ ಗೋಡೆಗೆ ಸೂಪರ್ ಗ್ಲೂವಿನ ತೆಳು ಲೇಪ ಕೊಡಿ. ಪಕ್ಕದ ರಬ್ಬರ್ ಗಟ್ಟಿಯಾಗಿ, ಕಚ್ಚುವ ಬದಲು ಜಾರುತ್ತದೆ. ಅದೂ ಸಾಲದಿದ್ದರೆ ಮುಂದೆ ಒಂದು ಹಂತ ಗಡಸು ಸ್ಪ್ರಿಂಗ್.

ಇಷ್ಟನ್ನೂ ಒಂದೇ ದಿನ ಮಾಡಲು ಹೊರಟರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸುವ ಮುಂಚೆ ಹತ್ತು ಸುತ್ತು, ಬದಲಿಸಿದ ಮೇಲೆ ಹತ್ತು ಸುತ್ತು, ಎರಡರ ಸರಾಸರಿ ಸಮಯ ಪುಸ್ತಕದಲ್ಲಿ ಬರೆಯಿರಿ. ಅತಿ ವೇಗದ ಒಂದು ಸುತ್ತಿಗೆ ಮರುಳಾಗಬೇಡಿ. ಆ ಒಂದು ಸುತ್ತು ವೇಗವಾಗಿ, ಉಳಿದವುಗಳಲ್ಲಿ ಮೂರು ಸಲ ಮಗುಚಿದ್ದರೆ ಆ ಬದಲಾವಣೆ ಕೆಟ್ಟದ್ದೇ. ದಿನಾಂಕ, ಹೊತ್ತು, ನೆಲ ಹಸಿಯೋ ಒಣವೋ, ಟೈರು, ಎಣ್ಣೆ, ಎತ್ತರ, ಪಿನಿಯನ್, ಮೋಟರಿನ ಬಿಸಿ ಇಷ್ಟು ಬರೆದಿಟ್ಟರೆ ಮುಂದಿನ ಸಲ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ನಮ್ಮ ಊರುಗಳಲ್ಲಿ ಸ್ವಂತ ಜಾಗದಲ್ಲಿ ಚಿಕ್ಕ ಟ್ರ್ಯಾಕ್ ಮಾಡಿಕೊಳ್ಳುವವರಿಗೆ ಮಣ್ಣಿನ ಬಗ್ಗೆ ಹೇಳದೆ ಮುಗಿಸಲಾರೆ. ಹಳೇ ಮೈಸೂರು ಕಡೆಯ ಕೆಂಪು ಮಣ್ಣಿಗೆ ಹಿಂದಿನ ಸಂಜೆ ನೀರು ಹೊಡೆದು, ಬೆಳಗ್ಗೆ ರೋಲರ್ ಉರುಳಿಸಿದರೆ ಗಟ್ಟಿಯಾದ, ಮೇಲೆ ತೆಳು ಧೂಳಿರುವ ನೆಲ ಸಿಗುತ್ತದೆ. ಅದಕ್ಕೆ ಚಿಕ್ಕ ಗುಬ್ಬಿಯ ಟೈರು. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದಂಥ ಹರಳುಗಳಿರುವುದರಿಂದ ಅದು ಟೈರನ್ನು ಅರದಂತೆ ತಿನ್ನುತ್ತದೆ, ಅಲ್ಲಿ ಮಧ್ಯಮ ಗಡಸಿನ ರಬ್ಬರೇ ಸರಿ. ಬಯಲುಸೀಮೆಯ ಎರೆಮಣ್ಣಿನಲ್ಲಿ ಹಾಗೇ ಟ್ರ್ಯಾಕ್ ಮಾಡಬೇಡಿ, ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಟ್ರಕ್ಕು ಅಲ್ಲೇ ನಿಲ್ಲುತ್ತದೆ. ಮೇಲೆ ಕೆಂಪು ಮಣ್ಣೋ ಮರಳೋ ಬೆರೆಸಿದ ಅರ್ಧ ಅಡಿ ಪದರ ಬೇಕು.

ಸ್ಪರ್ಧೆ ನಡೆಸುವವರಲ್ಲಿ ಎರಡು ಕೋರಿಕೆಗಳಿವೆ. ನೋಂದಣಿಯ ಪ್ರಕಟಣೆಯಲ್ಲೇ ನೆಲ ಎಂಥದ್ದು, ನೀರು ಎಷ್ಟು ಹೊತ್ತಿಗೊಮ್ಮೆ ಹೊಡೆಯುತ್ತೀರಿ, ಯಾವ ಟೈರಿಗೆ ಅವಕಾಶವಿದೆ ಎಂಬುದನ್ನು ಬರೆಯಿರಿ. ದೂರದಿಂದ ಬರುವ ಹುಡುಗರು ಒಂದೇ ಜೊತೆ ಟೈರು ತರುತ್ತಾರೆ, ತಪ್ಪು ಟೈರಾದರೆ ಅವರ ದಿನವೇ ಹಾಳು. ಎರಡನೆಯದು, ಕಂಪನಿಯ ಮೋಟರನ್ನೇ ಬಳಸಬೇಕೆಂಬ ನಿಯಮದ ಒಂದು ವರ್ಗ ಇಡಿ. ಅಂಗಡಿಯವರೂ ಮೋಟರುಗಳ ಪಕ್ಕದಲ್ಲಿ 300ರಿಂದ 500 ಸಿಎಸ್‌ಟಿಯ ನಾಲ್ಕೈದು ಬಾಟಲಿ ಎಣ್ಣೆ, ಓ-ರಿಂಗ್, ಹಿಂಜ್ ಪಿನ್, ಒಂದೆರಡು ಬಗೆಯ ಸ್ಪ್ರಿಂಗ್ ಇಟ್ಟರೆ ಹೊಸಬರಿಗೆ ಆಗುವ ಉಪಕಾರ ದೊಡ್ಡದು.

ಇತಿ,
ಆರ್‌ಸಿ ಟ್ರಕ್ ರೇಸಿಂಗ್ ಹವ್ಯಾಸಿ, ತುಮಕೂರು